ತರಗತಿಯ ತಂತ್ರಜ್ಞಾನದ ಮೂಲಕ ಉದ್ಯೋಗ ಕೌಶಲಗಳ ಬೋಧನೆ

ತರಗತಿಯ ತಂತ್ರಜ್ಞಾನದ ಮೂಲಕ ಉದ್ಯೋಗ ಕೌಶಲಗಳ ಬೋಧನೆ ಎಂದರೆ ಶಾಲೆಯಲ್ಲಿರುವ ಗಣಕಯಂತ್ರ, ಪ್ರೊಜೆಕ್ಟರ್, ಟ್ಯಾಬ್ಲೆಟ್, ಅಂತರಜಾಲ ಸಂಪರ್ಕ ಮುಂತಾದ ಸಾಧನಗಳನ್ನು ಬಳಸಿ, ವಿದ್ಯಾರ್ಥಿಗಳನ್ನು ಮುಂದೆ ಕಚೇರಿ, ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಸಹಕಾರ ಸಂಘ ಮೊದಲಾದ ಕಡೆಗಳಲ್ಲಿ ಮಾಡಬೇಕಾಗುವ ಕೆಲಸಗಳಿಗೆ ಅಣಿಗೊಳಿಸುವ ಬೋಧನಾಕ್ರಮ. ಪತ್ರವನ್ನು ಬೆರಳಚ್ಚಿಸುವುದು, ಲೆಕ್ಕವನ್ನು ಕೋಷ್ಟಕದಲ್ಲಿ ಇಡುವುದು, ಕಡತಗಳನ್ನು ಹೆಸರಿಟ್ಟು ಕಾಪಾಡುವುದು, ಇ-ಮೇಲ್ ಕಳುಹಿಸುವುದು, ಹಲವರು ಸೇರಿ ಒಂದೇ ದಾಖಲೆಯನ್ನು ಸಿದ್ಧಪಡಿಸುವುದು, ದೊರೆತ ಮಾಹಿತಿ ನಿಜವೇ ಎಂದು ಪರಿಶೀಲಿಸುವುದು ಇದರ ಮುಖ್ಯ ಅಂಗಗಳು.

ತಂತ್ರಜ್ಞಾನದಿಂದ ಪಾಠ ಹೇಳುವುದಕ್ಕೂ ತಂತ್ರಜ್ಞಾನದಿಂದ ಕೆಲಸ ಮಾಡಲು ಕಲಿಸುವುದಕ್ಕೂ ವ್ಯತ್ಯಾಸವಿದೆ. ಶಿಕ್ಷಕರು ಪ್ರೊಜೆಕ್ಟರ್‌ನಲ್ಲಿ ಹೃದಯದ ರಚನೆಯ ವೀಡಿಯೊ ತೋರಿಸಿದರೆ ಜೀವಶಾಸ್ತ್ರದ ಪಾಠ ಸೊಗಸಾಗಬಹುದು. ಆದರೆ ಅದನ್ನು ನೋಡಿದ ವಿದ್ಯಾರ್ಥಿಗೆ ಗಣಕಯಂತ್ರದ ಕೌಶಲ ಯಾವುದೂ ಬಂದಿರುವುದಿಲ್ಲ. ಕೀಲಿಮಣೆ ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ನಿರ್ಣಾಯಕ. ಸರ್ಕಾರಿ ಪ್ರೌಢಶಾಲೆಯ ಅನೇಕ ಮಕ್ಕಳಿಗೆ ಮನೆಯಲ್ಲಿ ಗಣಕಯಂತ್ರ ಇರುವುದಿಲ್ಲ. ಶಾಲೆಯಲ್ಲಿ ಮುಟ್ಟದಿದ್ದರೆ ಅವರು ಅದನ್ನು ಮೊದಲ ಬಾರಿಗೆ ಮುಟ್ಟುವುದು ಕೆಲಸದ ಸಂದರ್ಶನದಲ್ಲೇ ಆದೀತು.

ಯಾವ ಕೌಶಲಗಳು

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.4 ಎಂಬ ಉಪಗುರಿಯು ಉದ್ಯೋಗಕ್ಕೆ ಬೇಕಾದ ಕೌಶಲಗಳನ್ನು ಕುರಿತದ್ದು. ಅದರ ಅಳತೆಗಾಗಿ ರೂಪಿಸಿದ ಪಟ್ಟಿಯು ಬಹಳ ಸರಳವಾಗಿದೆ. ಕಡತವೊಂದನ್ನು ನಕಲು ಮಾಡುವುದು ಅಥವಾ ಬೇರೆಡೆಗೆ ಸರಿಸುವುದು, ದಾಖಲೆಯೊಳಗೆ ಪಠ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಟಿಸುವುದು, ಕಡತವನ್ನು ಲಗತ್ತಿಸಿ ಇ-ಮೇಲ್ ಕಳುಹಿಸುವುದು, ಸ್ಪ್ರೆಡ್‌ಶೀಟ್‌ನಲ್ಲಿ ಸರಳ ಸೂತ್ರ ಬರೆಯುವುದು, ಹೊಸ ಸಾಧನವನ್ನು ಜೋಡಿಸುವುದು, ತಂತ್ರಾಂಶವನ್ನು ಅಳವಡಿಸುವುದು, ಪ್ರಸ್ತುತಿ ಸಿದ್ಧಪಡಿಸುವುದು, ಯಂತ್ರದಿಂದ ಯಂತ್ರಕ್ಕೆ ಕಡತ ಸಾಗಿಸುವುದು, ಪ್ರೋಗ್ರಾಂ ಬರೆಯುವುದು ಇವು ಮೂಲ ಪಟ್ಟಿಯ ಒಂಬತ್ತು ಕೆಲಸಗಳು. ಪ್ರೋಗ್ರಾಂ ಬರೆಯುವ ಕೆಲಸವೊಂದನ್ನು ಬಿಟ್ಟರೆ ಉಳಿದವೆಲ್ಲ ಸಾಮಾನ್ಯ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಕಲಿಸಬಹುದಾದವು.

ಈ ಕೌಶಲಗಳು ಬೇಕಾಗುವುದು ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ಮಾತ್ರ ಎಂಬ ತಿಳಿವಳಿಕೆ ಸರಿಯಲ್ಲ. ಕರ್ನಾಟಕದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕೀಕೃತವಾಗಿ ಎರಡು ದಶಕಗಳೇ ಕಳೆದಿವೆ. ನಾಡಕಚೇರಿ, ಗ್ರಾಮ ಪಂಚಾಯಿತಿ, ಹಾಲು ಉತ್ಪಾದಕರ ಸಂಘ, ಔಷಧಿ ಅಂಗಡಿ, ಗೋದಾಮು, ಶಾಲೆಯ ಸ್ವಂತ ಕಚೇರಿ ಎಲ್ಲೆಡೆಯೂ ದತ್ತಾಂಶವನ್ನು ತಪ್ಪಿಲ್ಲದೆ ದಾಖಲಿಸಬಲ್ಲವರು ಬೇಕು.

ಹಿನ್ನೆಲೆ

ಶಾಲೆಗಳಿಗೆ ಗಣಕಯಂತ್ರ ಬರುವ ಮೊದಲು ಈ ಕೆಲಸವನ್ನು ಮಾಡುತ್ತಿದ್ದುದು ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು. ಎಸ್‌ಎಸ್‌ಎಲ್‌ಸಿ ಮುಗಿಸಿದವರು ಬೆಳಗ್ಗೆ ಅಥವಾ ಸಂಜೆ ಒಂದು ಗಂಟೆ ಅಲ್ಲಿ ಅಭ್ಯಾಸ ಮಾಡಿ, ಜೂನಿಯರ್, ಸೀನಿಯರ್ ದರ್ಜೆಯ ಸರ್ಕಾರಿ ಪರೀಕ್ಷೆಗಳನ್ನು ಕಟ್ಟುತ್ತಿದ್ದರು. ಅಲ್ಲಿನ ಬೋಧನಾಕ್ರಮದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ಒಬ್ಬರಿಗೆ ಒಂದು ಯಂತ್ರ, ದಿನಕ್ಕೊಂದು ಗಂಟೆ, ತಿಂಗಳುಗಟ್ಟಲೆ. ಬೆರಳಚ್ಚು ಯಂತ್ರದ ಚರಿತ್ರೆಯನ್ನು ಯಾರೂ ಬಾಯಿಪಾಠ ಮಾಡಿಸುತ್ತಿರಲಿಲ್ಲ.

ಭಾರತದ ಶಾಲೆಗಳಲ್ಲಿ ಗಣಕ ಶಿಕ್ಷಣದ ಮೊದಲ ದೊಡ್ಡ ಪ್ರಯತ್ನ 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆ. ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ನೀಡಲಾಯಿತು. ಕರ್ನಾಟಕದಲ್ಲಿ ಈ ಶತಮಾನದ ಆರಂಭದಲ್ಲಿ ಬಂದ ಮಾಹಿತಿ ಸಿಂಧು ಯೋಜನೆಯು ಖಾಸಗಿ ಗಣಕ ತರಬೇತಿ ಸಂಸ್ಥೆಗಳ ಮೂಲಕ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಕ ಶಿಕ್ಷಣ ನೀಡಿತು. ಕೇಂದ್ರ ಸರ್ಕಾರದ ಐಸಿಟಿ ಅಟ್ ಸ್ಕೂಲ್ಸ್ ಯೋಜನೆ 2004ರ ಡಿಸೆಂಬರಿನಲ್ಲಿ ಜಾರಿಗೆ ಬಂದು 2010ರಲ್ಲಿ ಪರಿಷ್ಕೃತವಾಯಿತು. 2012ರಲ್ಲಿ ಶಾಲಾ ಶಿಕ್ಷಣದಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ರಾಷ್ಟ್ರೀಯ ನೀತಿ ಪ್ರಕಟವಾಯಿತು. ಮರುವರ್ಷ ಎನ್‌ಸಿಇಆರ್‌ಟಿ ಇದಕ್ಕೊಂದು ಪಠ್ಯಕ್ರಮ ರೂಪಿಸಿತು. ನಿರ್ದಿಷ್ಟ ಕಂಪನಿಯ ತಂತ್ರಾಂಶಕ್ಕೆ ಕಟ್ಟುಬೀಳದೆ ಕೆಲಸದ ಬಗೆಯನ್ನು ಕಲಿಸಬೇಕೆಂಬುದು ಆ ಪಠ್ಯಕ್ರಮದ ನಿಲುವು. ಅದೇ 2013ರ ಕೊನೆಯಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಅಧಿಸೂಚಿತವಾದ ಮೇಲೆ, ಕರ್ನಾಟಕದ ಕೆಲವು ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದ ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೊಮೊಬೈಲ್ ಮುಂತಾದ ವೃತ್ತಿಪರ ವಿಷಯಗಳ ಕಲಿಕೆಗೆ ಅವಕಾಶವಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯ ನಡುವೆ ಹತ್ತು ದಿನಗಳ ಚೀಲರಹಿತ ಅವಧಿಯಲ್ಲಿ ಮಕ್ಕಳು ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಹೇಳಿದೆ.

ಕೇರಳದ ಪ್ರಯೋಗ

ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಈ ವಿಷಯದಲ್ಲಿ ಮುಖ್ಯ ಮಾದರಿಯೆಂದು ಗಣಿಸಬಹುದು. ಅಲ್ಲಿ ಹೊರಗಿನ ತರಬೇತುದಾರರನ್ನು ಅವಲಂಬಿಸದೆ, ಗಣಿತ, ವಿಜ್ಞಾನ, ಭಾಷೆ ಕಲಿಸುವ ಶಾಲಾ ಶಿಕ್ಷಕರಿಗೇ ತರಬೇತಿ ಕೊಟ್ಟು ಗಣಕ ಬೋಧನೆಯ ಹೊಣೆ ವಹಿಸಲಾಯಿತು. ಸ್ವತಂತ್ರ ತಂತ್ರಾಂಶವಾದ ಗ್ನೂ/ಲಿನಕ್ಸನ್ನು ಶಾಲೆಗಳಿಗೆ ಒಗ್ಗುವಂತೆ ಮಾರ್ಪಡಿಸಿಕೊಂಡದ್ದರಿಂದ ಪರವಾನಗಿಯ ವೆಚ್ಚ ತಪ್ಪಿತು. ಅಷ್ಟೇ ಮುಖ್ಯವಾದ ಇನ್ನೊಂದು ಕ್ರಮವೆಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಯಂತ್ರದ ಮುಂದೆ ಕುಳಿತು ಮಾಡುವ ಪ್ರಾಯೋಗಿಕ ಪರೀಕ್ಷೆಯನ್ನು ಇರಿಸಿದ್ದು. ಪರೀಕ್ಷೆ ಇದ್ದ ಮೇಲೆ ಪ್ರಯೋಗಾಲಯದ ಬೀಗ ತೆರೆಯಲೇಬೇಕಾಗುತ್ತದೆ ಎಂಬುದು ಶಾಲೆಯ ಒಳಹೊರಗನ್ನು ಬಲ್ಲವರಿಗೆ ಹೇಳಬೇಕಾದ ಮಾತಲ್ಲ.

2017ರಲ್ಲಿ ಈ ಯೋಜನೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿ ಮಾರ್ಪಟ್ಟಿತು. ಸುಮಾರು 45,000 ತರಗತಿಕೋಣೆಗಳಿಗೆ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಒದಗಿಸುವ ಕಾರ್ಯವನ್ನು ಅದು ನಡೆಸಿತು. 2018ರಲ್ಲಿ ಆರಂಭವಾದ ಲಿಟ್ಲ್ ಕೈಟ್ಸ್ ವಿದ್ಯಾರ್ಥಿ ಸಂಘಗಳಲ್ಲಿ ಮಕ್ಕಳು ಮಲಯಾಳಂ ಬೆರಳಚ್ಚು, ಅನಿಮೇಷನ್, ಯಂತ್ರಭಾಗಗಳ ನಿರ್ವಹಣೆ, ಪ್ರೋಗ್ರಾಮಿಂಗ್ ಮುಂತಾದುವನ್ನು ಕಲಿಯುತ್ತಾರೆ.

ಕನ್ನಡ ಬೆರಳಚ್ಚು

ಕರ್ನಾಟಕದ ಸರ್ಕಾರಿ ಕಚೇರಿಗಳ ಆಡಳಿತ ಭಾಷೆ ಕನ್ನಡ. ಆದ್ದರಿಂದ ಇಲ್ಲಿನ ವಿದ್ಯಾರ್ಥಿಗೆ ಮೊದಲು ಬೇಕಾದ ಉದ್ಯೋಗ ಕೌಶಲ ಕನ್ನಡದಲ್ಲಿ ಬೆರಳಚ್ಚಿಸುವುದು. ವಿಚಿತ್ರವೆಂದರೆ ಹೆಚ್ಚಿನ ಶಾಲೆಗಳಲ್ಲಿ ಗಣಕಪಾಠದಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಪಡೆಯುವುದೂ ಇದೇ.

ಕೆ. ಅನಂತಸುಬ್ಬರಾವ್ ರೂಪಿಸಿದ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರಗಳ ಆಕಾರವೇ ಆಧಾರವಾಗಿತ್ತು. ತಲೆಕಟ್ಟು, ಕೊಂಬು, ಒತ್ತು ಎಲ್ಲವೂ ಬಿಡಿಬಿಡಿ ಅಚ್ಚುಗಳು. ಗಣಕಯಂತ್ರದಲ್ಲಿ ಈಗ ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸವು ಕೆ. ಪಿ. ರಾವ್ ಅವರು ರೂಪಿಸಿದ್ದು. ಅದು ಅಕ್ಷರಗಳ ಉಚ್ಚಾರಣೆಯನ್ನು ಆಧರಿಸಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿಯೂ ಇದೇ ವಿನ್ಯಾಸವಿದೆ. ಇದರಲ್ಲಿ 'ಅಮ್ಮ' ಎಂದು ಬರೆಯಲು ಅ, ಮ ಕೀಲಿಗಳನ್ನು ಒತ್ತಿ, ಒತ್ತಕ್ಷರದ ಕೊಂಡಿಯಾಗಿ ಎಫ್ ಕೀಲಿಯನ್ನು ಒತ್ತಿ, ಮತ್ತೆ ಮ ಕೀಲಿಯನ್ನು ಒತ್ತಬೇಕು. 'ಅರ್ಕ' ಎಂಬ ಪದವನ್ನು ಹಳೆಯ ಯಂತ್ರದಲ್ಲಿ ಬೆರಳಚ್ಚಿಸುವಾಗ ಕ ಅಕ್ಷರದ ನಂತರ ಅರ್ಕಾವೊತ್ತಿನ ಅಚ್ಚು ಬರುತ್ತಿತ್ತು. ಈಗ ಉಚ್ಚಾರಣೆಯ ಕ್ರಮದಂತೆ ರ ಮೊದಲು, ಕ ಆಮೇಲೆ. ಅಕ್ಷರಮಾಲೆ ಮತ್ತು ಸಂಯುಕ್ತಾಕ್ಷರಗಳ ಪಾಠವನ್ನು ಚೆನ್ನಾಗಿ ಕಲಿತ ಮಗುವಿಗೆ ಇದು ಸುಲಭವಾಗಿ ಒಲಿಯುತ್ತದೆ. ಕನ್ನಡ ಶಿಕ್ಷಕರು ತಮ್ಮ ವ್ಯಾಕರಣದ ಪಾಠವನ್ನೇ ಪ್ರಯೋಗಾಲಯಕ್ಕೆ ಕೊಂಡೊಯ್ಯಬಹುದಾದ ಸಂದರ್ಭವಿದು.

ಇದರೊಂದಿಗೆ ಯೂನಿಕೋಡ್ ಎಂದರೇನೆಂಬುದನ್ನೂ ಹೇಳಿಕೊಡಬೇಕು. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ದಾಖಲೆಯನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಅಂತಹ ದಾಖಲೆಯಲ್ಲಿ ಕನ್ನಡ ಪದವನ್ನು ಹುಡುಕಲಾಗದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲೂ ಆಗದು. ಕಚೇರಿಗಳಲ್ಲಿ ಹಳೆಯ ಕಡತಗಳು ಈಗಲೂ ಉಳಿದಿರುವುದರಿಂದ ಅವುಗಳನ್ನು ಪರಿವರ್ತಿಸಿಕೊಳ್ಳುವ ತಿಳಿವಳಿಕೆಗೆ ಬೆಲೆಯಿದೆ.

ತರಗತಿಯಲ್ಲಿ ಕೆಲಸ

ಸ್ಪ್ರೆಡ್‌ಶೀಟ್ ಕಲಿಸಲು ಪಠ್ಯಪುಸ್ತಕದ ಕಲ್ಪಿತ ಕೋಷ್ಟಕಕ್ಕಿಂತ ಶಾಲೆಯಲ್ಲಿ ನಿಜವಾಗಿ ನಡೆಯುವ ಲೆಕ್ಕವೇ ಮೇಲು. ಅಕ್ಷರ ದಾಸೋಹದ ಲೆಕ್ಕ ಇದಕ್ಕೆ ಒಳ್ಳೆಯ ಉದಾಹರಣೆ. ಮಧ್ಯಾಹ್ನದ ಊಟಕ್ಕೆ 6ರಿಂದ 8ನೇ ತರಗತಿಯ ಮಗುವೊಂದಕ್ಕೆ ದಿನಕ್ಕೆ 150 ಗ್ರಾಂ ಧಾನ್ಯವೆಂಬ ನಿಯಮವಿದೆ. ವಿದ್ಯಾರ್ಥಿಗಳು ಮೊದಲ ಕಾಲಂನಲ್ಲಿ ದಿನಾಂಕವನ್ನೂ ಎರಡನೆಯದರಲ್ಲಿ ಊಟ ಮಾಡಿದವರ ಸಂಖ್ಯೆಯನ್ನೂ ಬರೆದು, ಮೂರನೆಯದರಲ್ಲಿ ಸಂಖ್ಯೆಯನ್ನು 0.150ರಿಂದ ಗುಣಿಸುವ ಸೂತ್ರ ಕೊಡುತ್ತಾರೆ. 42 ಮಕ್ಕಳಿದ್ದ ದಿನ 6.3 ಕಿಲೋ ಅಕ್ಕಿ ಎಂದು ಉತ್ತರ ಬರುತ್ತದೆ. ಯಾರೋ ಒಬ್ಬರು 42ರ ಬದಲು 24 ಎಂದು ಒತ್ತುತ್ತಾರೆ, 3.6 ಕಿಲೋ ಬರುತ್ತದೆ. ಇನ್ನೊಬ್ಬರು 420 ಎಂದು ಒತ್ತುತ್ತಾರೆ. 63 ಕಿಲೋ, ಐವತ್ತು ಕಿಲೋ ಮೂಟೆಗೂ ಮಿಗಿಲು. ಎರಡನೆಯ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಮೊದಲನೆಯದು ಅಡಗಿ ಕೂರುತ್ತದೆ. ಯಂತ್ರವು ಕೊಟ್ಟದ್ದನ್ನು ಗುಣಿಸುತ್ತದೆಯೇ ಹೊರತು ಕೊಟ್ಟದ್ದು ಸರಿಯೇ ಎಂದು ಕೇಳುವುದಿಲ್ಲ. ಹಾಜರಿ ಪುಸ್ತಕದೊಂದಿಗೆ ತಾಳೆ ನೋಡುವ ಅಭ್ಯಾಸ ಇಲ್ಲಿಂದ ಆರಂಭವಾಗುತ್ತದೆ. ಲೆಕ್ಕಪತ್ರದ ಕೆಲಸದಲ್ಲಿ ವೇಗಕ್ಕಿಂತ ಈ ಅಭ್ಯಾಸಕ್ಕೇ ಹೆಚ್ಚು ಮನ್ನಣೆ.

ಮುಂದಿನ ಹೆಜ್ಜೆಯಾಗಿ, 0.150 ಎಂಬುದನ್ನು ಪ್ರತಿ ಸಾಲಿನ ಸೂತ್ರದಲ್ಲೂ ಬರೆಯದೆ ಬೇರೊಂದು ಕೋಶದಲ್ಲಿ ಒಮ್ಮೆ ಮಾತ್ರ ಬರೆದು, ಸೂತ್ರದಲ್ಲಿ ಆ ಕೋಶವನ್ನು ಹೆಸರಿಸಲು ಹೇಳಬೇಕು. ಸೂತ್ರವನ್ನು ಕೆಳಕ್ಕೆ ಎಳೆದಾಗ ಎರಡನೆಯ ಸಾಲಿನಿಂದ ಎಲ್ಲವೂ ಸೊನ್ನೆಯಾಗುತ್ತದೆ. ಸೂತ್ರದೊಂದಿಗೆ ಕೋಶದ ವಿಳಾಸವೂ ಒಂದೊಂದು ಸಾಲು ಕೆಳಗಿಳಿದು ಖಾಲಿ ಕೋಶವನ್ನು ಹಿಡಿದಿರುವುದೇ ಇದಕ್ಕೆ ಕಾರಣ. ವಿಳಾಸದೊಳಗೆ ಡಾಲರ್ ಚಿಹ್ನೆ ಇಟ್ಟು ಅದನ್ನು ಸ್ಥಿರಗೊಳಿಸಬೇಕೆಂಬುದನ್ನು ಮಕ್ಕಳು ಈ ಸೊನ್ನೆಗಳನ್ನು ಕಂಡ ಮೇಲೆ ಮರೆಯುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಮರೆಯುತ್ತಾರೆ.

ಕಚೇರಿಗಳಲ್ಲಿ ನಿಜವಾದ ಹಾನಿ ಉಂಟುಮಾಡುವ ಇನ್ನೊಂದು ತಪ್ಪನ್ನೂ ತರಗತಿಯಲ್ಲಿಯೇ ಮಾಡಿಸಿ ನೋಡಬಹುದು. ಹೆಸರು ಒಂದು ಕಾಲಂನಲ್ಲಿ, ಅಂಕ ಇನ್ನೊಂದರಲ್ಲಿ ಇರುವಾಗ ಹೆಸರಿನ ಕಾಲಂ ಮಾತ್ರ ಆಯ್ದು ಅಕಾರಾದಿಯಾಗಿ ಜೋಡಿಸಿದರೆ, ಹೆಸರುಗಳು ಸ್ಥಾನ ಬದಲಿಸುತ್ತವೆ, ಅಂಕಗಳು ಇದ್ದಲ್ಲೇ ಉಳಿಯುತ್ತವೆ. ಒಬ್ಬರ ಅಂಕ ಇನ್ನೊಬ್ಬರಿಗೆ ಹೋಗುತ್ತದೆ. ಪಕ್ಕದ ಕಾಲಂಗಳನ್ನೂ ಸೇರಿಸಬೇಕೇ ಎಂದು ತಂತ್ರಾಂಶವು ಕೇಳುತ್ತದೆ, ಆದರೆ ಪ್ರಶ್ನೆಯನ್ನು ಓದದೆ ಗುಂಡಿ ಒತ್ತುವವರೇ ಹೆಚ್ಚು. ಪರದೆಯ ಮೇಲೆ ಬಂದ ಸೂಚನೆಯನ್ನು ನಿಂತು ಓದುವುದೂ ಒಂದು ಕೌಶಲವೇ. ಮೂಲ ಕಡತದ ಪ್ರತಿಯೊಂದನ್ನು ಮೊದಲೇ ತೆಗೆದಿರಿಸುವುದು ಇನ್ನೊಂದು.

ಇ-ಮೇಲ್ ಬರೆಯುವುದನ್ನು ಕಲಿಸಲು ಶಾಲೆಯ ಕನ್ನಡ ಪಾಠದಲ್ಲಿ ಬುನಾದಿ ಸಿದ್ಧವಾಗಿಯೇ ಇದೆ. ಇಂದ, ಗೆ, ಮಾನ್ಯರೇ, ವಿಷಯ, ಒಡಲು, ಸಹಿ ಎಂಬ ಅಂಗಗಳುಳ್ಳ ಮನವಿ ಪತ್ರವನ್ನು ಮಕ್ಕಳು ಅಂಕಕ್ಕಾಗಿ ಬರೆದೇ ಬರೆಯುತ್ತಾರೆ. ಬೀದಿದೀಪ ಸರಿಪಡಿಸಲು ಪಂಚಾಯಿತಿಗೆ ಬರೆಯುವ ಅದೇ ಪತ್ರವನ್ನು ಇ-ಮೇಲ್ ಆಗಿ ಕಳುಹಿಸುವಾಗ 'ಇಂದ' ತಾನಾಗಿ ತುಂಬಿಕೊಳ್ಳುತ್ತದೆ, 'ವಿಷಯ' ತನ್ನ ಸ್ಥಾನಕ್ಕೆ ಬರುತ್ತದೆ, ದೀಪದ ಚಿತ್ರ ಲಗತ್ತಾಗುತ್ತದೆ. ವಿಷಯದ ಸಾಲನ್ನು ಖಾಲಿ ಬಿಡಬಾರದು, ಲಗತ್ತು ಸೇರಿದೆಯೇ ಎಂದು ನೋಡಿಯೇ ಕಳುಹಿಸಬೇಕು, ಪ್ರತಿ ಯಾರಿಗೆ ಹೋಗಬೇಕೆಂದು ಯೋಚಿಸಬೇಕು ಎಂಬ ಮೂರು ಮಾತುಗಳನ್ನು ಸೇರಿಸಿದರೆ ಸಾಕು.

ಕಡತದ ಹೆಸರಿನ ವಿಚಾರ ಚಿಕ್ಕದೆನಿಸಿದರೂ ಚಿಕ್ಕದಲ್ಲ. ಮೊಬೈಲ್ ಫೋನಿನಲ್ಲಿ ಬೆಳೆದ ಮಕ್ಕಳಿಗೆ ಚಿತ್ರ ತೆಗೆಯುವುದು, ಕಳುಹಿಸುವುದು ನೀರು ಕುಡಿದಷ್ಟು ಸಲೀಸು. ಆದರೆ ಕಡತವು ಎಲ್ಲಿ ಉಳಿಯಿತು ಎಂಬುದು ಅವರಿಗೆ ತಿಳಿಯದು, ಏಕೆಂದರೆ ಫೋನು ಅದನ್ನು ಮರೆಮಾಡಿರುತ್ತದೆ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಚಂದನ ವಾಹಿನಿಯ ಸಂವೇದ ಪಾಠಗಳೂ ಫೋನಿನ ತರಗತಿಗಳೂ ಕಲಿಕೆಯನ್ನು ತಕ್ಕಮಟ್ಟಿಗೆ ಉಳಿಸಿದವು. ಆದರೆ ಫೋಲ್ಡರ್ ಮಾಡಿ, ವರ್ಷ-ತಿಂಗಳು-ದಿನ ಕ್ರಮದಲ್ಲಿ ದಿನಾಂಕವಿರುವ ಹೆಸರಿಟ್ಟು, ಆರು ತಿಂಗಳ ಬಳಿಕ ಅದನ್ನು ಹುಡುಕಿ ತೆಗೆಯುವ ಅಭ್ಯಾಸವನ್ನು ಅವು ಕೊಡುವಂತಿರಲಿಲ್ಲ.

ಯಂತ್ರ ಮತ್ತು ಸಮಯದ ಲೆಕ್ಕ

ನಲವತ್ತು ವಿದ್ಯಾರ್ಥಿಗಳ ತರಗತಿ, ಹತ್ತು ಯಂತ್ರ, ವಾರಕ್ಕೆ 40 ನಿಮಿಷಗಳ ಎರಡು ಅವಧಿ ಎಂದಿಟ್ಟುಕೊಳ್ಳೋಣ. ಯಂತ್ರಕ್ಕೆ ನಾಲ್ವರು, ಒಬ್ಬರ ಪಾಲಿಗೆ ವಾರಕ್ಕೆ 20 ನಿಮಿಷ. ವರ್ಷದಲ್ಲಿ 36 ವಾರ ತರಗತಿ ನಡೆದರೆ 12 ಗಂಟೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿ ಹನ್ನೆರಡು ದಿನಗಳಲ್ಲಿ ಪಡೆಯುತ್ತಿದ್ದ ಅಭ್ಯಾಸವಿದು. ವಿದ್ಯುತ್ ಕೈಕೊಟ್ಟ ದಿನಗಳನ್ನೂ, ಎರಡು ಯಂತ್ರ ಕೆಟ್ಟು ನಿಂತ ತಿಂಗಳುಗಳನ್ನೂ ಇದರಿಂದ ಕಳೆಯಬೇಕು.

ಆದ್ದರಿಂದ ಕೀಲಿಮಣೆಯಿಂದ ದೂರದಲ್ಲಿರುವ ಮೂವರು ಏನು ಮಾಡುತ್ತಾರೆ ಎಂಬುದು ಮುಖ್ಯವಾಗುತ್ತದೆ. ಒಬ್ಬರು ಹಾಜರಿ ಪುಸ್ತಕದಿಂದ ಓದಿ ಹೇಳುವುದು, ಒಬ್ಬರು ಪರದೆಯನ್ನು ತಾಳೆ ನೋಡುವುದು, ಒಬ್ಬರು ಮುಂದಿನ ಕೋಷ್ಟಕವನ್ನು ಕಾಗದದ ಮೇಲೆ ಗೆರೆ ಎಳೆದು ಸಿದ್ಧಪಡಿಸುವುದು, ಹತ್ತು ನಿಮಿಷಕ್ಕೊಮ್ಮೆ ಸ್ಥಾನ ಬದಲಾಯಿಸುವುದು ಉಪಯುಕ್ತ ವಿಧಾನ. ಬದಲಾವಣೆಯನ್ನು ಗಡಿಯಾರ ನೋಡಿ ಶಿಕ್ಷಕರೇ ಮಾಡಿಸಬೇಕು. ಮಕ್ಕಳಿಗೇ ಬಿಟ್ಟರೆ ಮೌಸ್ ಹಿಡಿದವನೇ ಹಿಡಿದಿರುತ್ತಾನೆ, ಹುಡುಗಿಯರು ನೋಟ್ ಬರೆದುಕೊಳ್ಳುತ್ತಾ ಉಳಿಯುತ್ತಾರೆ. ಮನೆಯಲ್ಲಿ ಫೋನು ಅಣ್ಣನ ಕೈಯಲ್ಲಿ, ಶಾಲೆಯಲ್ಲಿ ಮೌಸ್ ಸಹಪಾಠಿಯ ಕೈಯಲ್ಲಿ ಎಂದಾದರೆ ಆಕೆಯ ಹನ್ನೆರಡು ಗಂಟೆಯೂ ಇಲ್ಲವಾಗುತ್ತದೆ.

ದೃಷ್ಟಿದೋಷವುಳ್ಳ ಮಕ್ಕಳಿಗಾಗಿ ಎನ್‌ವಿಡಿಎ ಎಂಬ ಉಚಿತ ಪರದೆವಾಚಕ ತಂತ್ರಾಂಶವಿದ್ದು, ಅದು ಇ-ಸ್ಪೀಕ್ ಧ್ವನಿಯ ನೆರವಿನಿಂದ ಕನ್ನಡವನ್ನೂ ಓದಬಲ್ಲದು.

ಸುರಕ್ಷತೆ

ಪಾಸ್‌ವರ್ಡನ್ನು ಗೆಳೆಯರಿಗೆ ಹೇಳದಿರುವುದು, ಒಟಿಪಿಯನ್ನು ಯಾರಿಗೂ ತಿಳಿಸದಿರುವುದು, ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬರುವುದು ಇವು ಮೊದಲ ದಿನದ ಪಾಠಗಳು. ಅಭ್ಯಾಸಕ್ಕಾಗಿ ತರಗತಿಯ ಪಟ್ಟಿಯನ್ನು ಬಳಸುವಾಗ ಆಧಾರ್ ಸಂಖ್ಯೆ, ಜಾತಿ, ಫೋನ್ ಸಂಖ್ಯೆಗಳಿರುವ ನಿಜವಾದ ದಾಖಲೆಯನ್ನು ಮಕ್ಕಳ ಕೈಗೆ ಕೊಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ವಿಮರ್ಶೆಗಳು

ಯಂತ್ರಗಳನ್ನು ಕೊಂಡು ಕೊಟ್ಟ ಮಾತ್ರಕ್ಕೆ ಕಲಿಕೆ ಉತ್ತಮಗೊಳ್ಳುವುದಿಲ್ಲ ಎಂಬುದಕ್ಕೆ ಅನೇಕ ಅಧ್ಯಯನಗಳಿವೆ. ಅಮೆರಿಕದ ಶಿಕ್ಷಣತಜ್ಞ ಲ್ಯಾರಿ ಕ್ಯೂಬನ್ 2001ರ ತಮ್ಮ ಪುಸ್ತಕದಲ್ಲಿ, ಶಾಲೆಗಳಿಗೆ ಬಂದ ಗಣಕಯಂತ್ರಗಳು ಹೊಗಳಿಕೆ ಪಡೆದಷ್ಟು ಬಳಕೆಯಾಗಿಲ್ಲವೆಂದು ವಾದಿಸಿದರು. ಗ್ರಾಮೀಣ ಪೆರುವಿನ 319 ಶಾಲೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವು, ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯಿಂದ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಸುಧಾರಣೆ ಕಾಣಲಿಲ್ಲವೆಂದಿತು. ಶಾಲಾ ಗಣಕೀಕರಣಕ್ಕೆ ಹೆಚ್ಚು ಹಣ ಹೂಡಿದ ದೇಶಗಳ ಅಂಕಗಳಲ್ಲಿ ಗಣನೀಯ ಏರಿಕೆ ಕಂಡಿಲ್ಲವೆಂದು 2015ರಲ್ಲಿ ಒಇಸಿಡಿ ವರದಿಯೂ ಹೇಳಿತು. ಈ ಅಧ್ಯಯನಗಳು ಅಳೆದದ್ದು ಮುಖ್ಯವಾಗಿ ಗಣಿತ, ವಿಜ್ಞಾನ, ಭಾಷೆಯ ಅಂಕಗಳನ್ನು. ಬೆರಳಚ್ಚಿಸುವ, ಕಡತ ಕಾಪಾಡುವ ಕೌಶಲವನ್ನಲ್ಲ. ಆದರೂ ಯಂತ್ರದ ಮೇಲೆ ಖರ್ಚು ಮಾಡಿ ಶಿಕ್ಷಕರ ತರಬೇತಿಯನ್ನು ಮರೆತವರಿಗೆ ಅವು ಎಚ್ಚರಿಕೆಯೇ ಸರಿ.

ಶಾಲೆಯು ಉದ್ಯೋಗಕ್ಕೆ ಕೂಲಿಗಳನ್ನು ತಯಾರಿಸುವ ಸ್ಥಳವಾಗಬಾರದು ಎಂಬುದು ಇನ್ನೊಂದು ಆಕ್ಷೇಪ. ಸಾಹಿತ್ಯ, ಇತಿಹಾಸಗಳ ಅವಧಿಯನ್ನು ಕಿತ್ತು ಗಣಕಕ್ಕೆ ಕೊಡುವುದಾದರೆ ಈ ಆಕ್ಷೇಪಕ್ಕೆ ಬಲವಿದೆ. ಊರಿನ ಕೆರೆಯ ಇತಿಹಾಸವನ್ನು ಹಿರಿಯರಿಂದ ಕೇಳಿ, ಬೆರಳಚ್ಚಿಸಿ, ಚಿತ್ರ ಸೇರಿಸಿ ತರಗತಿಯ ಮುಂದೆ ಮಂಡಿಸುವ ಚಟುವಟಿಕೆಯಲ್ಲಿ ಮಾತ್ರ ಈ ಜಗಳವೇ ಹುಟ್ಟುವುದಿಲ್ಲ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ನಂತರ ಬೆರಳಚ್ಚು, ಕೋಷ್ಟಕಗಳ ಕಲಿಕೆಯೇ ಅನಗತ್ಯವೆಂಬ ಅಭಿಪ್ರಾಯವೂ ಕೇಳಿಬರುತ್ತಿದೆ. ಅಂತಹ ತಂತ್ರಾಂಶವು ಕನ್ನಡದಲ್ಲಿ ಬರೆದುಕೊಟ್ಟ ಪತ್ರದಲ್ಲಿ ತಪ್ಪಿದ್ದರೆ ಅದನ್ನು ಗುರುತಿಸಲು ಪತ್ರ ಬರೆಯಲು ಬಲ್ಲವರೇ ಬೇಕು. 42 ಮಕ್ಕಳಿಗೆ 63 ಕಿಲೋ ಅಕ್ಕಿ ಎಂದು ಉತ್ತರ ಬಂದರೆ ಬೆಚ್ಚಬೇಕಾದವರು ಲೆಕ್ಕ ಮಾಡಿ ಬಲ್ಲವರೇ.

ಮೌಲ್ಯಮಾಪನ

ಸಿಪಿಯು, ರ್‍ಯಾಮ್, ರಾಮ್‌ಗಳ ವಿಸ್ತೃತ ರೂಪವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ ಅಂಕ ಕೊಡುವ ರೂಢಿ ಅನೇಕ ಶಾಲೆಗಳಲ್ಲಿದೆ. ತಿದ್ದಲು ಅದು ಸುಲಭ ಎಂಬುದೇ ಅದರ ಗುಣ. ಬದಲಿಗೆ ವಿದ್ಯಾರ್ಥಿಯು ವರ್ಷವಿಡೀ ಮಾಡಿದ ಕೆಲಸಗಳನ್ನು ಆತನ ಅಥವಾ ಆಕೆಯ ಹೆಸರಿನ ಫೋಲ್ಡರಿನಲ್ಲಿ ಉಳಿಸಿ, ಅದನ್ನೇ ಮೌಲ್ಯಮಾಪನ ಮಾಡಬಹುದು: ಒಂದು ಪುಟದ ಕನ್ನಡ ಬೆರಳಚ್ಚು, ಸೂತ್ರಗಳಿರುವ ಒಂದು ಕೋಷ್ಟಕ, ಕಳುಹಿಸಿದ ಒಂದು ಇ-ಮೇಲ್, ಗುಂಪಿನಲ್ಲಿ ಮಾಡಿದ ಒಂದು ಪ್ರಸ್ತುತಿ. ಜೂನ್ ತಿಂಗಳ ಬೆರಳಚ್ಚನ್ನು ಫೆಬ್ರವರಿಯದರ ಪಕ್ಕದಲ್ಲಿಟ್ಟರೆ ಪ್ರಗತಿಯು ವಿದ್ಯಾರ್ಥಿಗೂ ಪೋಷಕರಿಗೂ ಕಾಣುತ್ತದೆ. 10ನೇ ತರಗತಿ ಮುಗಿಸಿ ಹೊರಡುವಾಗ ಆ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರೆ, ಕೆಲಸ ಕೇಳಲು ಹೋದಾಗ ತೋರಿಸಲು ಅಂಕಪಟ್ಟಿಯ ಜೊತೆಗೆ ಅದೂ ಇರುತ್ತದೆ.